ಗದ್ದಲಕ್ಕೆಲ್ಲ ಕೆಪಾಸಿಟರ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ನಿಂದ ಸ್ವರ ಹೊರಡಿಸುವುದು ಹೇಗೆ ಎಂದು ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ‘ಗದ್ದಲ ಕೇಳಿಸಿದರೆ ಇನ್ನೂ ದೊಡ್ಡ ಕೆಪಾಸಿಟರ್ ಹಾಕಿ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ನನ್ನ ತಕರಾರು ಆ ಒಂದು ಸಾಲಿನ ಮೇಲೆ. (ಕೆಪಾಸಿಟರ್ ಅಂದರೆ ವಿದ್ಯುತ್ತನ್ನು ಕೂಡಿಟ್ಟು ಏರಿಳಿತ ತಗ್ಗಿಸುವ ಪುಟ್ಟ ಬಿಡಿಭಾಗ.) ಅದೇ ದಾರಿ ಹಿಡಿದು ನಾನು ಮೂರು ಭಾನುವಾರ ಹಾಳು ಮಾಡಿಕೊಂಡವನು.

ನಾನು 30 ವರ್ಷ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿದ್ದೇನೆ. ಗುಂಯ್ ಅಂದರೆ ಫಿಲ್ಟರ್ ಕೆಪಾಸಿಟರ್ ಹೋಗಿದೆ, ಕರಕರ ಅಂದರೆ ವಾಲ್ಯೂಮ್ ಕಂಟ್ರೋಲ್ ಸವೆದಿದೆ ಎಂದು ಕಿವಿಯಲ್ಲೇ ಹೇಳುವ ಅಭ್ಯಾಸ. ಮಗಳು ಓದು ಮುಗಿಸಿ ಮೂಲೆಗೆ ಹಾಕಿದ್ದ ಆರ್ಡುಯಿನೊ ಊನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡ್ ಎತ್ತಿಕೊಂಡು ಒಂದು ಆಸಿಲೇಟರ್, ಅಂದರೆ ಸ್ವರ ಹೊರಡಿಸುವ ಸಾಧನ, ಮಾಡಿದೆ. ಬೋರ್ಡಿನ ಒಂದು ಪಿನ್ನಿನಿಂದ ಸೆಕೆಂಡಿಗೆ 62,500 ಪಿಡಬ್ಲ್ಯುಎಂ ಪಲ್ಸ್ (ಅಗಲ ಬದಲಿಸಬಹುದಾದ ವಿದ್ಯುತ್ ಮಿಡಿತ) ಹೊರಡುತ್ತವೆ. ಪಲ್ಸ್ ಎಷ್ಟು ಅಗಲ ಎನ್ನುವುದನ್ನು 0ಯಿಂದ 255ರವರೆಗಿನ ಒಂದು ಸಂಖ್ಯೆ ಹೇಳುತ್ತದೆ. ಆ ಸಂಖ್ಯೆಯನ್ನು ಸೆಕೆಂಡಿಗೆ 31,250 ಸಲ ಬದಲಿಸುತ್ತಾ ಹೋದರೆ ಸ್ವರ. ಬಂತು ಸ್ವರ. ಜೊತೆಗೆ ಸಿಳ್ಳೆ, ಗೊರಗೊರ, ಟಿಕ್ ಟಿಕ್, ಎಲ್ಲ ಬಂತು.

ಹಳೇ ಅಭ್ಯಾಸ ನೋಡಿ, ಕೈ ಸೀದಾ ಕೆಪಾಸಿಟರ್ ಡಬ್ಬಿಗೆ ಹೋಯಿತು. ಪಿನ್ನಿಗೂ ಸ್ಪೀಕರ್‌ಗೂ ನಡುವೆ 1 ಕಿಲೊಓಮ್ ರೆಸಿಸ್ಟರ್ ಜೊತೆ 10 ನ್ಯಾನೊಫ್ಯಾರಡ್ ಕೆಪಾಸಿಟರ್ ಇತ್ತು. ಅಂದರೆ ಸುಮಾರು 16 ಕಿಲೊಹರ್ಟ್ಜ್‌ನಿಂದ ಮೇಲಿನದ್ದನ್ನು ಅದು ತಗ್ಗಿಸುತ್ತದೆ. ಪಿಡಬ್ಲ್ಯುಎಂ ಪಲ್ಸಿನ 62.5 ಕಿಲೊಹರ್ಟ್ಜ್ ಹೊರಗೆ ಬರದಂತೆ ತಡೆಯುವುದಷ್ಟೇ ಅದರ ಕೆಲಸ. ನಾನು 100 ಹಾಕಿದೆ. ತಡೆ 1.6 ಕಿಲೊಹರ್ಟ್ಜ್‌ಗೆ ಇಳಿಯಿತು. ಸ್ವರ ಕಂಬಳಿ ಹೊದ್ದು ಮಲಗಿದ ಹಾಗಾಯಿತು. ಟಿಕ್ ಟಿಕ್ ಅಲ್ಲೇ ಇತ್ತು, ಗೊರಗೊರವೂ ಅಲ್ಲೇ.

ಮೂರನೇ ಭಾನುವಾರ ಮಗಳು ಬಂದು ಕೇಳಿದಳು, ‘ಅಪ್ಪಾ, ಸ್ವರ ನಿಲ್ಲಿಸಿ ಸುಮ್ನೆ 128 ಬರೆದು ಕೇಳಿದ್ರಾ?’

ಇಲ್ಲ, ಕೇಳಿರಲಿಲ್ಲ. 128 ಅಂದರೆ ಹೆಚ್ಚುಕಡಿಮೆ ಅರ್ಧ. ಸಂಖ್ಯೆ ಬದಲಾಗುವುದೇ ಇಲ್ಲ, ಹಾಗಾಗಿ ಸ್ಪೀಕರ್ ಮೌನವಾಗಿರಬೇಕು. ಆಗಲೂ ಏನಾದರೂ ಕೇಳಿಸಿದರೆ ತಪ್ಪು ತಂತಿಯಲ್ಲೋ ಪವರ್‌ನಲ್ಲೋ ಇದೆ. ಮೌನವಾದರೆ ತಪ್ಪು ನಮ್ಮ ಪ್ರೋಗ್ರಾಮಿನ ಲೆಕ್ಕದಲ್ಲಿದೆ. 30 ವರ್ಷದ ಅನುಭವಕ್ಕೆ ಇಷ್ಟು ಹೊಳೆಯಲಿಲ್ಲ ಅಲ್ವಾ ಎಂದು ನಾಚಿಕೆಯಾಯಿತು.

128 ಬರೆದೆವು. ಗೊರಗೊರ ಹೋಯಿತು. ಸೊಳ್ಳೆಯಂಥ ಸಣ್ಣ ಕೀಂ ಉಳಿಯಿತು, ಮೌಸ್ ಅಲುಗಾಡಿಸಿದರೆ ಅದರ ದನಿ ಬದಲಾಗುತ್ತಿತ್ತು. ಯುಎಸ್‌ಬಿ ಕಿತ್ತು ಬ್ಯಾಟರಿ ಕೊಟ್ಟೆ, ಅದೂ ಹೋಯಿತು. ಪಿಡಬ್ಲ್ಯುಎಂ ಪಿನ್ ಮೇಲೆದ್ದಾಗ ಬೋರ್ಡಿನ 5 ವೋಲ್ಟನ್ನೇ ಸೀದಾ ಹೊರಗೆ ಕೊಡುತ್ತದೆ. ಹಾಗಾಗಿ ಕಂಪ್ಯೂಟರ್ ಕಡೆಯಿಂದ ಬಂದ ಕೊಳೆ ನೇರ ಸ್ಪೀಕರ್‌ಗೆ. ಇಲ್ಲಿ ಮಾತ್ರ ಕೆಪಾಸಿಟರ್ ಮದ್ದು. ಆದರೆ ಹಾಕಬೇಕಾದ್ದು ಪವರ್ ಲೈನಿಗೆ, ಚಿಪ್ಪಿನ ಕಾಲ ಬುಡದಲ್ಲಿ. (ಆರ್ಡುಯಿನೊದ ಪಿಡಬ್ಲ್ಯುಎಂ ವೇಗ ಬದಲಿಸದೆ ಹಾಗೇ ಬಿಟ್ಟವರಿಗೆ 128ರಲ್ಲೂ ಜೋರಾಗಿ ಕೇಳಿಸುತ್ತದೆ. ಅಲ್ಲಿ ಪಲ್ಸ್ ಹೋಗುವುದೇ 490 ಅಥವಾ 980 ಹರ್ಟ್ಜ್‌ನಲ್ಲಿ, ಅದೇ ಒಂದು ಸ್ವರ.)

ನನಗೆ ತುಂಬಾ ಇಷ್ಟವಾದದ್ದು ಸಿಳ್ಳೆಯ ಕತೆ. ಗರಗಸದ ಹಲ್ಲಿನಂಥ ಸಾಟೂತ್ ಅಲೆ ಹಾಕಿ, ನಾಬ್ ತಿರುಗಿಸಿ ಸ್ವರ ಮೇಲೇರಿಸಿದರೆ, ಹಿಂದೆ ಒಂದು ಸಿಳ್ಳೆ ಕೆಳಗಿಳಿಯುತ್ತಿತ್ತು! ಯಾವ ರೇಡಿಯೊದಲ್ಲೂ ಕಾಣದ ರೋಗ. ಲೆಕ್ಕ ಹೀಗಿದೆ. ಸಂಖ್ಯೆಯನ್ನು ಒಂದು ಸಲ ಬದಲಿಸಿದರೆ ಒಂದು ಸ್ಯಾಂಪಲ್. ಸೆಕೆಂಡಿಗೆ 31,250 ಸ್ಯಾಂಪಲ್ ಇದ್ದರೆ ಅದರ ಅರ್ಧ, 15,625 ಹರ್ಟ್ಜ್‌ವರೆಗೆ ಮಾತ್ರ ಜಾಗ. 2,500 ಹರ್ಟ್ಜ್ ಸಾಟೂತ್‌ನ ಏಳನೇ ಹಾರ್ಮೋನಿಕ್ (ಮೂಲ ಸ್ವರದ ಏಳು ಪಟ್ಟಿನ ಉಪಸ್ವರ) 17,500. ಅದಕ್ಕೆ ಜಾಗ ಇಲ್ಲ, ಗೋಡೆಗೆ ಬಡಿದು 13,750 ಆಗಿ ವಾಪಸ್ ಬರುತ್ತದೆ. ಸ್ವರವನ್ನು 2,600 ಮಾಡಿ. ಏಳನೆಯದು 18,200, ವಾಪಸ್ ಬರುವುದು 13,050. ಸ್ವರ 100 ಏರಿದರೆ ಸಿಳ್ಳೆ 700 ಇಳಿಯಿತು. ಇದನ್ನೇ ಎಲಿಯಾಸಿಂಗ್ ಅನ್ನುತ್ತಾರೆ. ವಾಪಸ್ ಬಂದದ್ದು ನಿಜವಾದ ಸ್ವರಗಳ ನಡುವೆಯೇ ಬಂದು ಕೂತಿರುತ್ತದೆ. ಹೊರಗೆ ಎಷ್ಟು ದೊಡ್ಡ ಕೆಪಾಸಿಟರ್ ಹಾಕಿದರೂ ಅದನ್ನೊಂದನ್ನೇ ಆರಿಸಿ ತೆಗೆಯಲು ಆಗದು. ಹಾರ್ಮೋನಿಕ್ ಇಲ್ಲದ ಸೈನ್ ಅಲೆ ಹಾಕಿ ನೋಡಿ, ಸಿಳ್ಳೆ ಇರುವುದಿಲ್ಲ. ಅಲ್ಲಿಗೆ ಪತ್ತೆ. ಒಂದೊಂದು ಆಕ್ಟೇವ್‌ಗೆ ಬೇರೆ ಬೇರೆ ಸಾಟೂತ್ ಟೇಬಲ್ (ಅಲೆಯ ಆಕಾರ ಹೇಳುವ ಸಂಖ್ಯೆಗಳ ಪಟ್ಟಿ) ಮಾಡಿ, ಮೇಲಕ್ಕೆ ಹೋದ ಹಾಗೆ ಹಾರ್ಮೋನಿಕ್ ಕಡಿಮೆ ಮಾಡಿದೆ. 256 ಬೈಟಿನ 8 ಟೇಬಲ್ ಅಂದರೆ 2 ಕಿಲೊಬೈಟ್. ಚಿಪ್ಪಿನ ರ‍್ಯಾಮ್ ಇರುವುದೇ ಅಷ್ಟು, ಹಾಗಾಗಿ ಪ್ರೋಗ್ರಾಂ ಕೂರುವ ಫ್ಲಾಶ್‌ನಲ್ಲಿ ಇಟ್ಟೆ.

ಗೊರಗೊರ ಸ್ವರ ಇದ್ದಾಗ ಮಾತ್ರ ಕೇಳುತ್ತಿತ್ತು. ಸ್ವರದ ಅಂಚು ಯಾರೋ ಉಜ್ಜಿದ ಹಾಗೆ. ಆರ್ಡುಯಿನೊದಲ್ಲಿ ಹೊತ್ತು ಎಣಿಸುವ ಒಂದು ಟೈಮರ್ ಇದೆ. ಅದು 1.024 ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ ಕೊಡುತ್ತದೆ, ಅಂದರೆ ಕೈಲಿರುವ ಕೆಲಸ ನಿಲ್ಲಿಸಿ ತನ್ನದನ್ನು ಮಾಡಿಸುತ್ತದೆ. ಅದರ ಕೆಲಸ ಮುಗಿಯುವವರೆಗೆ ನನ್ನ ಸ್ಯಾಂಪಲ್ ಬಾಗಿಲಲ್ಲಿ ಕಾಯಬೇಕು. ಹೀಗೆ 32 ಸ್ಯಾಂಪಲ್‌ಗೊಂದು ತಡ. ಆ ಇಂಟರಪ್ಟ್ ಮುಚ್ಚಿದೆ, ಸ್ವರ ತಿಳಿಯಾಯಿತು. ಆಮೇಲೆ ಸ್ಯಾಂಪಲ್‌ಗೆ ಬೇರೆ ಟೈಮರ್ ಇಡುವುದನ್ನೇ ಬಿಟ್ಟು, ಪಿಡಬ್ಲ್ಯುಎಂ ಟೈಮರ್‌ನ ಇಂಟರಪ್ಟ್‌ನಲ್ಲೇ ಸಂಖ್ಯೆ ಬರೆದೆ. ಬರೆಯುವುದು ಸ್ವಲ್ಪ ಹಿಂದೆಮುಂದೆ ಆದರೂ ಹೊಸ ಪಲ್ಸ್ ಶುರುವಾಗುವಾಗಲೇ ಚಿಪ್ ಅದನ್ನು ತೆಗೆದುಕೊಳ್ಳುತ್ತದೆ.

ಟಿಕ್ ಟಿಕ್ ಬರುತ್ತಿದ್ದದ್ದು ನಾಬ್ ತಿರುಗಿಸುವಾಗ ಮಾತ್ರ. ನಾಬಿನ ಕೆಳಗಿನ ಪಾಟ್ (ವಾಲ್ಯೂಮ್ ಕಂಟ್ರೋಲ್‌ನಂಥದ್ದು) ಸವೆದಿದೆ ಅಂದುಕೊಂಡು ಎರಡು ಪಾಟ್ ಬದಲಿಸಿದೆ, ವ್ಯರ್ಥ. 440 ಹರ್ಟ್ಜ್‌ಗೆ ನಾನು ಇಟ್ಟುಕೊಂಡ ಹೆಜ್ಜೆ, ಅಂದರೆ ಒಂದೊಂದು ಸ್ಯಾಂಪಲ್‌ಗೆ ಅಲೆಯಲ್ಲಿ ಮುಂದೆ ಸರಿಯುವ ದೂರ, ಸುಮಾರು 6.05 ಕೋಟಿ, 32 ಬಿಟ್ಟಿನ ಸಂಖ್ಯೆ. ನಾಬ್ ತಿರುಗಿಸಿದಾಗಲೆಲ್ಲ ಅದು ಬದಲಾಗುತ್ತದೆ. 8 ಬಿಟ್ಟಿನ ಚಿಪ್ ಅದನ್ನು ನಾಲ್ಕು ತುಂಡಾಗಿ ಬರೆಯುತ್ತದೆ. ಎರಡು ತುಂಡು ಬರೆದಾಗ ಇಂಟರಪ್ಟ್ ಬಂದರೆ, ಅರ್ಧ ಹಳೆಯದು ಅರ್ಧ ಹೊಸದು ಸೇರಿದ ಸಂಖ್ಯೆಯಿಂದ ಅಲೆ ಎಲ್ಲಿಗೋ ಜಿಗಿಯುತ್ತದೆ. ಬರೆಯುವ ಆ ಕ್ಷಣಕ್ಕೆ ಇಂಟರಪ್ಟ್ ತಡೆಹಿಡಿದರೆ ಮುಗಿಯಿತು, ಎರಡು ಸಾಲು ಸಾಕು.

ಇಷ್ಟಾದ ಮೇಲೂ ತೆಳುವಾದ ಸುರ್‌ರ್ ಉಳಿದಿದೆ. 8 ಬಿಟ್ ಅಂದರೆ ಸ್ವರಕ್ಕೂ ಗದ್ದಲಕ್ಕೂ ನಡುವೆ ಹೆಚ್ಚೆಂದರೆ 50 ಡೆಸಿಬೆಲ್ ಅಂತರ, ಅದು ಅದರ ಹುಟ್ಟುಗುಣ. ನಾನು ಬಿಟ್ಟಿದ್ದೇನೆ.

ಪತ್ರ ಉದ್ದವಾಯಿತು, ಕತ್ತರಿಸುವುದಾದರೆ ಕತ್ತರಿಸಿ. ಮುಂದಿನ ವಾರದ ಪುಟದಲ್ಲಿ ‘ಕೆಪಾಸಿಟರ್ ಬದಲಿಸುವ ಮುಂಚೆ 128 ಬರೆದು ಕೇಳಿ’ ಎಂಬ ಒಂದು ಸಾಲನ್ನಾದರೂ ಹಾಕಿ. ಬರಹ ನೋಡಿ ಬೋರ್ಡ್ ಕೊಂಡ ಮಕ್ಕಳು ಈಗ ಬೆಸುಗೆ ಹಾಕುತ್ತಾ ಕೂತಿರುತ್ತಾರೆ.

— ಹಳೇ ರೇಡಿಯೊ ರಿಪೇರಿಯವ