ಉರಿಯುವ ಫರ್ನೇಸಿನಲ್ಲಿ ಇಟ್ಟಿಗೆ ಕಟ್ಟಿದ ಮೇಸ್ತ್ರಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಹೇಗಿದ್ದೀಯ? ಅಪ್ಪನ ಮಂಡಿ ನೋವು ಕಡಿಮೆ ಆಯ್ತಾ? ಈ ಪತ್ರ ನಿನಗೆ ಬರೆದದ್ದು ಅಂತ ಹೇಳಿದರೂ ಅರ್ಧ ಅವರಿಗೇ ಬರೆದದ್ದು. ಸಂಜೆ ಕೂತು ಓದಿ ಹೇಳು.

ಇಲ್ಲಿ ಬರ್ಲಿನ್‌ನ ಒಂದು ಮ್ಯೂಸಿಯಂನಲ್ಲಿ ಹಳೆಯ ಪೂರ್ವ ಜರ್ಮನಿಯ ಪದಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದರಲ್ಲಿ ಒಂದು ಚಿನ್ನದ ಬಣ್ಣದ, ಐದು ಮೂಲೆಯ ನಕ್ಷತ್ರ. ಮೇಲೆ ಕೆಂಪು ಪಟ್ಟಿ. ‘ಹೆಲ್ಡ್ ಡೆರ್ ಆರ್ಬೈಟ್’, ಅಂದರೆ ಶ್ರಮವೀರ ಪದಕ. ಮುಷ್ಟಿಯೊಳಗೆ ಮುಚ್ಚಿ ಹೋಗುವಷ್ಟು ಚಿಕ್ಕದು. ಪಕ್ಕದ ಚೀಟಿಯಲ್ಲಿ ಪದಕದ ಹೆಸರು ಮತ್ತು ಇಸವಿ ಬಿಟ್ಟರೆ ಬೇರೇನೂ ಇಲ್ಲ. ಎಂಥವರಿಗೆ ಕೊಟ್ಟರು, ಅವರು ಏನು ಮಾಡಿದ್ದರು ಅಂತ ಒಂದು ಸಾಲೂ ಬರೆದಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಯಾಕೆಂದರೆ 1950ರಲ್ಲಿ ಈ ಪದಕ ಶುರುವಾದ ವರ್ಷವೇ ಅದನ್ನು ಪಡೆದವರಲ್ಲಿ ಒಬ್ಬರು ಇಟ್ಟಿಗೆ ಕಟ್ಟುವ ಮೇಸ್ತ್ರಿ. ಹೆಸರು ಹಾನ್ಸ್ ಗಾರ್ಬೆ. ಮನೆ ಕಟ್ಟುವ ಮೇಸ್ತ್ರಿ ಅಲ್ಲ. ಭದ್ರಾವತಿಯಲ್ಲಿ ನಿಮ್ಮಪ್ಪ ಮಾಡುತ್ತಿದ್ದರಲ್ಲ, ಅದೇ ಕೆಲಸ. ಫರ್ನೇಸ್, ಅಂದರೆ ಕಾರ್ಖಾನೆಯ ದೊಡ್ಡ ಕುಲುಮೆ, ಅದರ ಒಳಗೆ ಇಳಿದು ಬೆಂಕಿ ತಡೆಯುವ ಫೈರ್ ಬ್ರಿಕ್ ಇಟ್ಟಿಗೆ ಕಟ್ಟುವುದು.

ಗಾರ್ಬೆ ಇದ್ದದ್ದು ಬರ್ಲಿನ್‌ನ ಲಿಶ್ಟನ್‌ಬೆರ್ಗ್‌ನಲ್ಲಿದ್ದ ಸೀಮೆನ್ಸ್-ಪ್ಲಾನಿಯಾ ಕಾರ್ಖಾನೆಯಲ್ಲಿ. ಅಲ್ಲಿ ಕಾರ್ಬನ್ ಎಲೆಕ್ಟ್ರೋಡ್, ಅಂದರೆ ಕರೆಂಟು ಹರಿಸುವ ದಪ್ಪ ಕಾರ್ಬನ್ ಕಂಬಿ, ತಯಾರಾಗುತ್ತಿತ್ತು. ಉಕ್ಕು ಕರಗಿಸುವ ಎಲೆಕ್ಟ್ರಿಕ್ ಫರ್ನೇಸಿಗೆ ಅದು ಬೇಕೇ ಬೇಕು. ಎರಡನೇ ಮಹಾಯುದ್ಧ ಮುಗಿದು ನಾಲ್ಕೈದು ವರ್ಷ ಆಗಿತ್ತಷ್ಟೇ. ಸೋವಿಯತ್ ಹಿಡಿತದಲ್ಲಿದ್ದ ಪೂರ್ವ ಜರ್ಮನಿಯ ಎಷ್ಟೋ ಕಾರ್ಖಾನೆಗಳ ಯಂತ್ರಗಳನ್ನು ಯುದ್ಧದ ನಷ್ಟಕ್ಕೆ ಪರಿಹಾರ ಅಂತ ಸೋವಿಯತ್‌ನವರು ಬಿಚ್ಚಿಕೊಂಡು ಹೋಗಿದ್ದರು. ಉಳಿದ ಫರ್ನೇಸ್ ಒಂದು ದಿನ ನಿಂತರೂ ಕಷ್ಟ ಅನ್ನುವ ಕಾಲ.

ಎಲೆಕ್ಟ್ರೋಡ್ ಸುಡುವ ಫರ್ನೇಸ್ ಉಂಗುರದ ಹಾಗೆ ಇರುತ್ತದೆ. ಸುತ್ತಲೂ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಕೋಣೆಗಳು. ಬೆಂಕಿ ಒಂದು ಕೋಣೆಯಿಂದ ಮುಂದಿನದಕ್ಕೆ ಸರಿಯುತ್ತಾ ಸುತ್ತು ಬರುತ್ತದೆ. ಮುಂದಿನದು ಕಾಯುವಾಗ ಹಿಂದಿನದು ಆರುತ್ತಿರುತ್ತದೆ. ವರ್ಷಗಟ್ಟಲೆ ಉರಿದು ಗೋಡೆ ಸವೆದರೆ ಇಡೀ ಫರ್ನೇಸ್ ಆರಿಸಿ, ತಣ್ಣಗಾಗಲು ಬಿಟ್ಟು, ಆಮೇಲೆ ಮೇಸ್ತ್ರಿಗಳು ಒಳಗೆ ಇಳಿಯುವುದು ರೂಢಿ. ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತದೆ. ಗಾರ್ಬೆ ಹೇಳಿದ್ದು: ಬೆಂಕಿ ಆರಿಸೋದು ಬೇಡ. ಒಂದೊಂದೇ ಕೋಣೆ ಖಾಲಿ ಮಾಡಿ ಕೊಡಿ, ಅಕ್ಕಪಕ್ಕದ್ದು ಉರಿಯುತ್ತಿರಲಿ, ನಾನು ಕಟ್ಟುತ್ತೇನೆ.

ಹೇಳಿದಂತೆ ಕಟ್ಟಿಯೂ ತೋರಿಸಿದರು. ಒಳಗೆ ಸುಮಾರು 100 ಡಿಗ್ರಿ ಬಿಸಿ. ಶ್ರಮವೀರ ಅಂದ ಕೂಡಲೇ ಜನ ತೋಳ್ಬಲ ಅಷ್ಟೇ ನೆನೆಯುತ್ತಾರೆ. ನಿಮ್ಮಪ್ಪ ಒಮ್ಮೆ ನನಗೆ ಹೇಳಿದ್ದು ನೆನಪಿದೆ: “ಫೈರ್ ಬ್ರಿಕ್ ಕೆಲಸದಲ್ಲಿ ಸಂದು ದಪ್ಪ ಬಿಟ್ರೆ ಬೆಂಕಿ ಅಲ್ಲಿಂದಲೇ ತಿನ್ನೋಕೆ ಶುರು ಮಾಡುತ್ತೆ.” ಈಗ ಯೋಚಿಸು. ಇಟ್ಟಿಗೆ ಕಾದಿದೆ. ಗಾರೆ ಬಳಿದ ಕೂಡಲೇ ಅದರ ನೀರೆಲ್ಲ ಹೀರಿಹೋಗುತ್ತದೆ. ಇಟ್ಟ ಇಟ್ಟಿಗೆಯನ್ನು ಮತ್ತೆ ತಟ್ಟಿ ಸರಿಮಾಡಲು ಆಗುವುದಿಲ್ಲ. ಒಂದೇ ಸಲಕ್ಕೆ ನೇರ ಕೂರಬೇಕು, ಸಂದೂ ತೆಳ್ಳಗಿರಬೇಕು. ಅದಕ್ಕೆ ತಾಳ್ಮೆ ಬೇಕು, ಆದರೆ ಒಳಗೆ ಜಾಸ್ತಿ ಹೊತ್ತು ನಿಲ್ಲುವ ಹಾಗಿಲ್ಲ. ಇಂಥ ಕೈಗೆ ಪದಕ ಕೊಟ್ಟದ್ದು ಸರಿ. ಈ ಮಾತನ್ನು ನಾನು ಯಾರೆದುರಿಗೂ ಹೇಳುತ್ತೇನೆ.

ಆದರೆ ಕಾರ್ಖಾನೆಯ ಉಳಿದವರಿಗೆ ಗಾರ್ಬೆ ಕಂಡರೆ ಆಗುತ್ತಿರಲಿಲ್ಲ. ಕೂಲಿ ಇಳಿಸುವವನು ಅಂತ ಬೈಯುತ್ತಿದ್ದರು. ಅವರ ಸಿಟ್ಟಿಗೂ ಕಾರಣವಿತ್ತು. ಅಲ್ಲಿ ಕೂಲಿ ನಿಂತದ್ದು ನಾರ್ಮ್ ಮೇಲೆ. ಒಂದು ಪಾಳಿಗೆ ಇಷ್ಟು ಕೆಲಸ ಅಂತ ಲೆಕ್ಕ, ಅದಕ್ಕೆ ಇಷ್ಟು ದುಡ್ಡು. ಒಬ್ಬ ಅದರ ಎರಡರಷ್ಟು, ಮೂರರಷ್ಟು ಮಾಡಿ ತೋರಿಸಿದರೆ ಲೆಕ್ಕ ಹಾಕುವವರು ಏನಂತಾರೆ? ಹಾಗಾದರೆ ಎಲ್ಲರೂ ಮಾಡಬಹುದಲ್ಲ ಅಂತಾರೆ. ನಾರ್ಮ್ ಏರುತ್ತದೆ. ನಿನ್ನೆಯ ಕೂಲಿ ಗಿಟ್ಟಬೇಕಾದರೆ ಇವತ್ತು ಇನ್ನಷ್ಟು ದುಡಿಯಬೇಕು. ಅರೆಹೊಟ್ಟೆಯ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಅದಕ್ಕೂ ಮುಂಚೆ, 1948ರ ಅಕ್ಟೋಬರ್ 13ರಂದು, ಆಡೊಲ್ಫ್ ಹೆನ್ನೆಕೆ ಅನ್ನುವ ಗಣಿ ಕೆಲಸಗಾರ ಒಂದೇ ಪಾಳಿಯಲ್ಲಿ ನಾರ್ಮ್‌ನ 387 ಶೇಕಡಾ ಕಲ್ಲಿದ್ದಲು ತೆಗೆದಿದ್ದರು. ಆ ಪಾಳಿಗೆ ಮೊದಲೇ ಎಲ್ಲ ತಯಾರಿ ಮಾಡಿ ಕೊಟ್ಟಿದ್ದರು. ಪತ್ರಿಕೆಗಳಲ್ಲಿ ಅವರ ಫೋಟೋ ಬಂತು, ಜೊತೆಯವರು ಮಾತು ಬಿಟ್ಟರು.

ನನ್ನ ಪ್ರಕಾರ ಗಾರ್ಬೆ ದ್ರೋಹಿ ಅಲ್ಲ. ಹರಿದುಹೋದ ದೇಶದಲ್ಲಿ ಫರ್ನೇಸ್ ಉರಿಯಲೇಬೇಕು ಅಂತ ನಂಬಿದ್ದ ಮನುಷ್ಯ. ತಪ್ಪು, ಒಬ್ಬ ಒಳ್ಳೆಯ ಕೆಲಸಗಾರನ ಕೈಚಳಕವನ್ನೇ ಅಳತೆಗೋಲು ಮಾಡಿ ಉಳಿದವರ ಬೆನ್ನಿಗೆ ಹಿಡಿದವರದ್ದು. ಎದೆಗೆ ನಕ್ಷತ್ರ ಚುಚ್ಚಿದವರೂ ಅವರೇ, ನಾರ್ಮ್ ಏರಿಸಿದವರೂ ಅವರೇ.

ಅದರ ಫಲ 1953ರಲ್ಲಿ ಕಂಡಿತು. ಮೇ 28ರಂದು ಸರ್ಕಾರ ಎಲ್ಲ ಕಡೆ ನಾರ್ಮನ್ನು ಕನಿಷ್ಠ 10 ಶೇಕಡಾ ಏರಿಸಿತು. ಜೂನ್ 16ಕ್ಕೆ ಕೆಲಸ ಬಿಟ್ಟು ಬೀದಿಗೆ ಇಳಿದವರು ಯಾರು ಗೊತ್ತಾ? ಸ್ಟಾಲಿನ್ ಅಲೇ ಬೀದಿಯಲ್ಲಿ ದೊಡ್ಡ ದೊಡ್ಡ ಕಟ್ಟಡ ಕಟ್ಟುತ್ತಿದ್ದ ಗಾರೆಯವರು. ಅವರ ಮೆರವಣಿಗೆ ಮಂತ್ರಿಗಳ ಕಚೇರಿಯವರೆಗೂ ಹೋಯಿತು. ಆ ದಿನವೇ ಸರ್ಕಾರ ನಾರ್ಮ್ ಹಿಂದಕ್ಕೆ ತಗೊಂಡರೂ ಹೊತ್ತು ಮೀರಿತ್ತು. ಮರುದಿನ ದೇಶದ ನೂರಾರು ಊರುಗಳಲ್ಲಿ ಜನ ಎದ್ದರು. ಸೋವಿಯತ್ ಟ್ಯಾಂಕುಗಳು ಬಂದವು. ಕಡಿಮೆ ಅಂದರೂ 55 ಜನ ಸತ್ತರು. ಆ ಬೀದಿಗೆ ಈಗ ಕಾರ್ಲ್ ಮಾರ್ಕ್ಸ್ ಅಲೇ ಅಂತ ಹೆಸರು. ಕಟ್ಟಡಗಳು ಇನ್ನೂ ಗಟ್ಟಿಯಾಗಿ ನಿಂತಿವೆ, ಒಳ್ಳೆಯ ಕೆಲಸ.

ನಮ್ಮ ರಂಗಭೂಮಿಯವರಿಗೂ ಬೇಕಾದ ಜರ್ಮನ್ ನಾಟಕಕಾರ ಬ್ರೆಕ್ಟ್ ಇದ್ದರಲ್ಲ, ಅವರು ಗಾರ್ಬೆ ಬಗ್ಗೆ ನಾಟಕ ಬರೆಯಲು ಹೊರಟು ಅರ್ಧಕ್ಕೇ ಬಿಟ್ಟರು. ಆದರೆ ಅವರ ಜೊತೆ ಕೆಲಸ ಮಾಡುತ್ತಿದ್ದ ಕೇಟೆ ರ‍್ಯೂಲಿಕೆ, ಗಾರ್ಬೆಯನ್ನು ಕೂರಿಸಿಕೊಂಡು ಅವರ ಮಾತಿನಲ್ಲೇ ಕಥೆ ಬರೆದುಕೊಂಡು 1952ರಲ್ಲಿ ಪ್ರಕಟಿಸಿದರು. ನಾಟಕಕ್ಕಿಂತ ಇದೇ ದೊಡ್ಡ ಕೆಲಸ ಅಂತ ನನಗನಿಸುತ್ತದೆ. ಫರ್ನೇಸ್ ಒಳಗೆ ಇಳಿದವರ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟವರು ಎಷ್ಟು ಜನ ಸಿಗುತ್ತಾರೆ?

ಅದಕ್ಕೇ ನಿನಗೊಂದು ಕೆಲಸ ಹೇಳುತ್ತೇನೆ ಮಂಜು. ಅಪ್ಪನನ್ನು ಕೇಳಿ ಬರೆದು ಕಳಿಸು. ಫರ್ನೇಸ್ ಪೂರ್ತಿ ಆರುವ ಮೊದಲೇ ಅವರನ್ನು ಒಳಗೆ ಇಳಿಸಿದ್ದುಂಟಾ? ಒಂದು ಸಲಕ್ಕೆ ಎಷ್ಟು ಹೊತ್ತು ಒಳಗಿರುತ್ತಿದ್ದರು? ಕಾಲಿಗೆ ಏನು ಹಾಕಿಕೊಳ್ಳುತ್ತಿದ್ದರು? ಬೇಗ ಮುಗಿಸಿದವರಿಗೆ ಜಾಸ್ತಿ ಕೊಡುತ್ತಿದ್ದರಾ, ಇಲ್ಲ ಮುಂದಿನ ಸಲ ದಿನ ಕಡಿಮೆ ಮಾಡುತ್ತಿದ್ದರಾ? ಜೊತೆಗಿದ್ದವರ ಹೆಸರು ನೆನಪಿದ್ದರೆ ಅವನ್ನೂ ಬರಿ. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಸರಿ, ನಾನು ಕೂತು ಬರೆಯುತ್ತೇನೆ.

ಅತ್ತಿಗೆಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು.

ನಿನ್ನ,
ಪ್ರಸನ್ನ