ಮಗಳಿಗೊಂದು ಪತ್ರ: ಗಲ್ಲಾದಲ್ಲಿ ಕೂತು ಕಂಡದ್ದು

ಮಾಟುಂಗಾ, ಮುಂಬಯಿ

ಪ್ರೀತಿಯ ಮಗಳೇ,

ಟೀಮ್ ಲೀಡ್ ಆದಮೇಲೆ ಕೆಲಸ ಎರಡರಷ್ಟಾಯಿತು ಎಂದೆ ನೀನು. ಹಗಲೆಲ್ಲ ಮೀಟಿಂಗು, ರಾತ್ರಿ ಕೂತು ಹುಡುಗರು ಬರೆದ ಕಂಪ್ಯೂಟರ್ ಕೋಡು ತಿದ್ದುವುದು. ‘ಅವರಿಗೆ ಹೇಳಿ ಮಾಡಿಸುವುದಕ್ಕಿಂತ ನಾನೇ ಮಾಡಿದರೆ ಬೇಗ ಆಗುತ್ತೆ ಅಪ್ಪ’ ಅಂದೆಯಲ್ಲ, ಅದು ಇವತ್ತಿನ ಮಟ್ಟಿಗೆ ನಿಜ. ಮುಂದಿನ ವರ್ಷವೂ ನಿಜವಾಗಿಯೇ ಉಳಿದರೆ ತಪ್ಪು ಹುಡುಗರದಲ್ಲ.

ಪುಣೆಯ ಹಿಂಜವಡಿಯ ನಿನ್ನ ಸಾಫ್ಟ್‌ವೇರ್ ಕಂಪನಿಗೂ ನನ್ನ ಉಡುಪಿ ಹೋಟೆಲಿಗೂ ಎಲ್ಲಿಯ ಸಂಬಂಧ ಎಂದು ನಗಬೇಡ. ಗಲ್ಲಾದಲ್ಲಿ ಕೂತವನಿಗೆ ಎಲ್ಲ ಟೇಬಲ್ಲೂ ಕಾಣುತ್ತವೆ. ಕಂಡದ್ದಕ್ಕೆಲ್ಲ ಬಾಯಿ ಹಾಕುವ ಚಪಲ ಹುಟ್ಟುವುದು ಅಲ್ಲಿಯೇ. ನಮ್ಮಲ್ಲಿ ಗಿರಾಕಿ ದೋಸೆ ಸೀದಿದೆ ಎಂದರೆ ವೇಟರ್ ಗಲ್ಲಾದ ಹತ್ತಿರ ಓಡಿಬಂದು ಕೇಳಬೇಕಿತ್ತು. ಮ್ಯಾನೇಜರ್ ಆದಮೇಲೆ ನಾನು ಅದನ್ನು ನಿಲ್ಲಿಸಿದೆ. ಬೇರೆ ದೋಸೆ ಕೊಡು, ಬಿಲ್ಲಿನಿಂದ ತೆಗೆಯುವುದಿದ್ದರೆ ಮಾತ್ರ ನನ್ನನ್ನು ಕೇಳು, ಎಷ್ಟು ವಾಪಸ್ ಬಂತೆಂದು ರಾತ್ರಿ ಲೆಕ್ಕದ ಹೊತ್ತಿಗೆ ಹೇಳು, ಅಷ್ಟೇ. ಹುಡುಗರು ಧಾರಾಳ ಮಾಡಿಬಿಟ್ಟಾರು ಎಂದು ಧಣಿಗಳಿಗೆ ಹೆದರಿಕೆ. ಆದದ್ದು ಬೇರೆ. ಯಾವ ಹೊತ್ತಿಗೆ ಕಾವಲಿ ಅತಿಯಾಗಿ ಕಾಯುತ್ತದೆ ಎಂದು ವೇಟರುಗಳೇ ಭಟ್ಟರಿಗೆ ಹೇಳತೊಡಗಿದರು. ಓಡಿಬಂದು ಕೇಳುವುದೇ ಕೆಲಸವಾಗಿದ್ದಾಗ ಅದನ್ನು ಯಾರೂ ಗಮನಿಸಿರಲಿಲ್ಲ.

ಹಾಗಂತ ಎಲ್ಲ ಬಿಟ್ಟು ಕೈಕಟ್ಟಿ ಕೂರುವುದಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಸಾಂಬಾರಿನ ರುಚಿ ನಾನು ನೋಡಲೇಬೇಕು, ಭಟ್ಟರಿಗೂ ಅದು ಗೊತ್ತು. ಅದು ಕುದಿಯುತ್ತಿರುವಾಗ ಹೋಗಿ ‘ಹುಳಿ ಹಾಕಿದಿರಾ, ಬೆಲ್ಲ ಹಾಕಿದಿರಾ’ ಎಂದು ಅವರ ಬೆನ್ನ ಹಿಂದೆ ನಿಂತರೆ ಸೌಟು ಬಿಸಾಡಿ ಊರಿಗೆ ಹೊರಟಾರು. ಒಳ್ಳೆಯ ಭಟ್ಟರಂತೂ ಖಂಡಿತ.

ಎಷ್ಟು ಹತ್ತಿರ ನಿಂತು ನೋಡಬೇಕು ಎಂಬುದಕ್ಕೆ ಆಂಡಿ ಗ್ರೋವ್ ಹೇಳಿದ್ದು ನನಗೆ ಸರಿ ಕಾಣುತ್ತದೆ, 1987ರಿಂದ 1998ರವರೆಗೆ ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದವರು. ಆಳು ಎಷ್ಟು ಹಳಬ ಎಂದು ನೋಡಬೇಡ, ಆ ಒಂದು ಕೆಲಸದಲ್ಲಿ ಅವನು ಎಷ್ಟು ಪಳಗಿದ್ದಾನೆ ನೋಡು ಎಂಬುದು ಅವರ ಮಾತಿನ ತಾತ್ಪರ್ಯ. ವರ್ಷಗಟ್ಟಲೆ ದೋಸೆ ಹೊಯ್ದವನನ್ನು ಖರೀದಿಗೆ ದಾದರ್ ಮಾರ್ಕೆಟ್ಟಿಗೆ ಕಳಿಸಿದರೆ ಅಲ್ಲಿ ಅವನು ಹೊಸಬನೇ. ಅಲ್ಲಿ ಜೊತೆಗೆ ಹೋಗಬೇಕು. ಕಾವಲಿಯ ಹತ್ತಿರ ಸುಳಿಯಬಾರದು.

ನಿನಗೆ ಇನ್ನೊಂದು ತೊಡಕಿದೆ. ಗೂಗಲ್‌ನವರು ತಮ್ಮ ‘ಪ್ರಾಜೆಕ್ಟ್ ಆಕ್ಸಿಜನ್’ ಎಂಬ ಅಧ್ಯಯನದಲ್ಲಿ ಒಳ್ಳೆಯ ಮ್ಯಾನೇಜರಿನ 8 ಗುಣಗಳನ್ನು ಮೊದಲು ಪಟ್ಟಿ ಮಾಡಿದಾಗ ಕಲಿಸುವ ಗುಣ ಮೊದಲನೆಯದು, ಸಣ್ಣಪುಟ್ಟದಕ್ಕೆಲ್ಲ ಕೈಹಾಕದಿರುವುದು ಎರಡನೆಯದು. ತಾಂತ್ರಿಕ ಜ್ಞಾನ ಬಂದದ್ದು ಎಂಟನೆಯದಾಗಿ. ನೀನು ಕೋಡಿನಲ್ಲಿ ಗಟ್ಟಿಗಿತ್ತಿ, ಅದಕ್ಕೇ ಲೀಡ್ ಮಾಡಿದರು. ಈಗ ಅಡ್ಡ ಬರುತ್ತಿರುವುದೂ ಅದೇ.

ಆಳುಗಳನ್ನು ಬೆಳೆಸುವುದು ಅಂದಾಗ ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ನೆನೆಯಬೇಕು. ಕರಾವಳಿಯ ಮೊಗವೀರ ಸಮುದಾಯದವರ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆ 1908ರದ್ದು. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವರು ಇಂಥ ಶಾಲೆಗಳಲ್ಲಿ ಓದಿ ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲು ತೆರೆದರು. ಆ ಕಥೆ ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಏನೆಂದರೆ, ಶಾಲೆಯ ಹೊತ್ತಿಗೇ ಹೋಟೆಲಿನಲ್ಲಿ ಸಂಜೆಯ ನೂಕುನುಗ್ಗಲು. ಆಗ ಹುಡುಗನನ್ನು ಬಿಟ್ಟುಕೊಟ್ಟ ಧಣಿಗೆ ಆ ದಿನದ ವ್ಯಾಪಾರದಲ್ಲೇ ಪೆಟ್ಟು. ‘ಬಿಡುವಾದಾಗ ಕಲಿ’ ಎಂದವರ ಹೋಟೆಲಿನಿಂದ ಯಾರೂ ಕಲಿತು ಹೊರಬರಲಿಲ್ಲ, ಬಿಡುವಿದ್ದರಲ್ಲವೇ! ನೀನೂ ಕೆಲಸ ಕಡಿಮೆಯಿರುವ ವಾರಕ್ಕೆ ಕಾಯಬೇಡ.

ಇನ್ನು ದೀಪಾವಳಿ. ಸಾಫ್ಟ್‌ವೇರ್ ರಿಲೀಸ್ ಇದೆ, ಬರಲಾಗದು ಎಂದೆ ನೀನು. ಆ ಸೊಲ್ಲಾಪುರದ ಹುಡುಗಿ ಎಷ್ಟೋ ರಿಲೀಸುಗಳನ್ನು ನಿನ್ನ ಪಕ್ಕದಲ್ಲೇ ಕೂತು ನೋಡಿದ್ದಾಳಲ್ಲ, ಈ ಸಲ ಅವಳೇ ಮಾಡಲಿ. ಯಾವುದಕ್ಕೆ ನಿನಗೆ ಫೋನ್ ಮಾಡಬೇಕು, ಯಾವುದನ್ನು ತಾನೇ ನಿರ್ಧರಿಸಬಹುದು ಎಂದು ಅವಳೇ ಬರೆದು ತರಲಿ, ನೀನು ಬರೆದುಕೊಡಬೇಡ. ಓದಿದಾಗ ಒಂದೆರಡು ಸಾಲು ಸೇರಿಸಬೇಕು ಅನ್ನಿಸಿದರೆ ಸೇರಿಸಿ ಹೊರಟು ಬಾ. ಪೂರ್ತಿ ತಿದ್ದಬೇಕು ಅನ್ನಿಸಿದರೆ ಅವಳಿನ್ನೂ ತಯಾರಾಗಿಲ್ಲ, ಆಗ ನಾನೂ ಅಮ್ಮನೂ ಪುಣೆಗೆ ಬರುತ್ತೇವೆ. ಡೆಕ್ಕನ್ ಕ್ವೀನ್ ಟಿಕೆಟ್ ತೆಗೆಯಬೇಕೋ ಬೇಡವೋ, ಈ ವಾರದೊಳಗೆ ತಿಳಿಸು.

ನಿನ್ನ
ಅಪ್ಪ