ಹಿನ್ನೆಲೆಯನ್ನು ಕೊನೆಗೆ ಉಳಿಸಬೇಡ ಮಾರಾಯ

ಪ್ರೀತಿಯ ಬಂಗುಡೆ ಮೇಷ್ಟ್ರೇ,

ನೀನು ಕಳಿಸಿದ ಮೀನು ಮಾರುವ ಹೆಂಗಸಿನ ಚಿತ್ರ ನೋಡಿದೆ. ಅಳತೆ ಸರಿ ಉಂಟು, ಕೂತ ಭಂಗಿಯೂ ಚಂದ ಉಂಟು. ಆದರೂ ಅವಳನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಯಾಕೆ ಅಂತ ಹೇಳುತ್ತೇನೆ, ಓದುವ ಉಳಿದವರೂ ಕೇಳಿಸಿಕೊಳ್ಳಲಿ.

ಮೈಗೆಲ್ಲ ಶೇಡ್ ಕೊಟ್ಟು ಮುಗಿಸಿ, ಆಮೇಲೆ ಸುತ್ತ ಕಡುಗಪ್ಪಿನ 6ಬಿ ಪೆನ್ಸಿಲ್ ಉಜ್ಜಿದ್ದೀಯ. ಬಿಳಿ ಹಾಳೆಯ ಎದುರು ಸರಿ ಕಂಡ ಕೆನ್ನೆಯ ನಸುಗಪ್ಪು, ಹಿಂದೆ ಕಪ್ಪು ಬಂದ ಕೂಡಲೇ ಬಿಳಿಚಿಕೊಳ್ಳುತ್ತದೆ. ಅದಕ್ಕೆಂದು ಕೆನ್ನೆಗೆ ಮತ್ತಷ್ಟು, ಹಿನ್ನೆಲೆಗೆ ಇನ್ನಷ್ಟು. ಕೊನೆಗೆ ಹಾಳೆ ಮಿರಿಮಿರಿ ಹೊಳೆದು ಪೆನ್ಸಿಲನ್ನೇ ಹಿಡಿಯುವುದಿಲ್ಲ.

ಹೊರಗೆರೆ ಆದ ಮೇಲೆ ಕಣ್ಣು ಕಿರಿದು ಮಾಡಿ ಎರಡೇ ಭಾಗ ನೋಡು: ಬೆಳಕು, ನೆರಳು. ಕೆನ್ನೆಯಾಗಲಿ, ಕುತ್ತಿಗೆಯಾಗಲಿ, ರವಿಕೆಯಾಗಲಿ, ನೆರಳಿಗೆಲ್ಲ 6ಬಿಗಿಂತ ತಿಳಿಯಾದ 2ಬಿಯಲ್ಲಿ ಒಂದೇ ತೆಳು ಛಾಯೆ. ಆಗಲೇ ಹಿನ್ನೆಲೆಗೂ ಕೈ ಹಾಕು. ಬೆಳಕು ಬಿದ್ದ ಭುಜದ ಹಿಂದೆ ಗಾಢ, ನೆರಳಾದ ಬೆನ್ನಿನ ಹಿಂದೆ ತಿಳಿ. ಗೆರೆಯ ಎರಡೂ ಕಡೆ ಒಂದೇ ಕಪ್ಪು ಬಂದಲ್ಲಿ ಗೆರೆಯನ್ನೇ ಅಳಿಸು, ಅಂಚು ಕರಗಲಿ. ಬರೀ ಗೆರೆಯಲ್ಲೇ ಮೈಭಾರ ತರುವುದಕ್ಕೆ ರೇಖಾಚಿತ್ರಗಳಿಗೆ ಹೆಸರಾದ ಕಲಾವಿದ, ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೇ ಬೇಕು.

ದವಡೆಯ ಅಡಿಗೆ ಸೀರೆಯಿಂದ ಪ್ರತಿಫಲಿಸುವ ಬೆಳಕು ಉಂಟಲ್ಲ, ಅದನ್ನು ಕಂಡ ಖುಷಿಗೆ ಎಲ್ಲರೂ ರಬ್ಬರಿನಿಂದ ಬೆಳ್ಳಗೆ ಎತ್ತುತ್ತಾರೆ. ಮುಖದ ದುಂಡುತನ ಅಲ್ಲಿಗೇ ಹೋಯಿತು. ಚರ್ಮದ ನೆರಳಿನೊಳಗೆ ಎಷ್ಟೇ ತಿಳಿಯಾದ ಜಾಗವೂ, ಬೆಳಕಿನ ಭಾಗದ ಅತಿ ಕಪ್ಪಿಗಿಂತ ಕಪ್ಪಾಗಿಯೇ ಇರಬೇಕು. 6ಬಿಯನ್ನು ಕಂಕುಳು, ಪಾದದಡಿಯಂಥ ಸಂದಿಗಳಿಗೆ ಮಾತ್ರ ಇಟ್ಟುಕೋ. ನೆಲದ ನೆರಳಿನ ಅಂಚು ಪಾದದ ಬುಡದಲ್ಲಿ ಹರಿತ, ದೂರ ಹೋದಂತೆ ಮೆತ್ತಗೆ. ಇದು ತಪ್ಪಿದರೆ ಮನುಷ್ಯ ತೇಲುತ್ತಾನೆ.

ಉಡುಪಿಯ ಜುಲೈ ಬೆಳಕನ್ನು ನಂಬಬೇಡ. ಮೋಡದ ಬೆಳಕು ಎಲ್ಲ ಕಡೆಯಿಂದ ಬಂದು ನೆರಳಿನ ಗಡಿಯೇ ಸಿಕ್ಕುವುದಿಲ್ಲ. ಟ್ಯೂಬ್‌ಲೈಟ್ ಆರಿಸಿ, ಒಂದೇ ಬಲ್ಬನ್ನು ತಲೆಗಿಂತ ಮೇಲೆ, 45 ಡಿಗ್ರಿ ಬದಿಗೆ ಇಡು. ಫೋನಿನ ಫೋಟೋ ನೋಡಿ ಬಿಡಿಸುವುದು ಬೇಡ, ಅದು ನೆರಳನ್ನು ತಾನಾಗಿಯೇ ತಿಳಿ ಮಾಡಿಬಿಡುತ್ತದೆ. ಬೆರಳಿನಿಂದ ಉಜ್ಜಲೂಬೇಡ. ಬೆವರೆಣ್ಣೆ ಹತ್ತಿದ ಕಲೆ ರಬ್ಬರಿಗೂ ಜಗ್ಗುವುದಿಲ್ಲ.

ಮಂಗಳೂರಿಗೆ ಬಂದಾಗ ಸಂತ ಅಲೋಶಿಯಸ್ ಚಾಪೆಲಿಗೆ ಹೋಗಿ ಕಣ್ಣು ಕಿರಿದು ಮಾಡಿ ನಿಲ್ಲು. ಸುಮಾರು 1900ರ ಹೊತ್ತಿಗೆ ಇಟಲಿಯ ಆಂಟೋನಿಯೋ ಮೊಸ್ಕೇನಿ ಅದನ್ನು ಚಿತ್ರಿಸಿದ್ದು. ಹಸಿ ಗಾರೆಯ ಮೇಲಿನ ಕೆಲಸದಲ್ಲಿ ಹಿನ್ನೆಲೆ ಆಮೇಲೆ ನೋಡೋಣ ಅನ್ನುವ ಹಾಗೆಯೇ ಇಲ್ಲ. ಗಾರೆ ಒಣಗುವ ಮೊದಲು ಛಾಯೆ ತೀರ್ಮಾನ ಆಗಿರಬೇಕು.

ಈ ಕಣ್ಣು ಕಿರಿದು ಮಾಡುವ ಚಾಳಿ ಮಾತ್ರ ಹಾಳೆ ಬಿಟ್ಟು ಎದ್ದರೂ ಬಿಡುವುದಿಲ್ಲ. ಅಮ್ಮ ಎಂಥದೋ ಹೇಳುತ್ತಾ ಇರುತ್ತಾರೆ, ನನಗೆ ಅವರ ಕಣ್ಣಿನ ಗುಳಿಗೆ 4ಬಿ ಸಾಕಾ ಎಂಬ ಲೆಕ್ಕ. ಆ ಗುಳಿ ಮೊದಲು ಇಷ್ಟು ಆಳ ಇರಲಿಲ್ಲ ಅಂತ ಹೊಳೆಯುವಷ್ಟರಲ್ಲಿ ಅವರ ಮಾತು ಮುಗಿದಿರುತ್ತದೆ. ಏನು ಹೇಳಿದಿರಿ ಅಂತ ಕೇಳಲು ಧೈರ್ಯ ಸಾಲುವುದಿಲ್ಲ.

ಇದನ್ನೆಲ್ಲ ಇಲ್ಲಿ ಬರೆಯಬೇಕು ಅಂತ ಇರಲಿಲ್ಲ, ಬಿಡು. ನಿನ್ನ ಮೂಗಿನ ಬಗ್ಗೆ ಚಿಂತೆ ಇಲ್ಲ, ಎಷ್ಟು ಕಣ್ಣು ಕಿರಿದು ಮಾಡಿದರೂ ಅದು ಮೂಗೇ. ಮತ್ತೆ ಆ ಮೀನಿನ ಬುಟ್ಟಿಗೆ ಜಾಸ್ತಿ ಶೇಡ್ ಹಾಕಬೇಡ.

ನಿನ್ನ,
ಅರ್ಧ ರಬ್ಬರ್